ಒಂದು ಮೀಟರು, ಹಲವು ಫಲಕಗಳು

ನಮ್ಮ ಊರುಗಳಲ್ಲಿ ಮನೆಯೊಂದು ಒಮ್ಮೆಗೇ ಕಟ್ಟಿ ಮುಗಿಯುವುದು ಅಪೂರ್ವ. ಮೊದಲು ನೆಲದ ಮನೆ, ಮಗನ ಮದುವೆಯಾದ ಬಳಿಕ ಮೇಲಂತಸ್ತು, ಅನಂತರ ಹಿತ್ತಿಲಲ್ಲೊಂದು ಪಂಪಿನ ಕೋಣೆ. ಹೀಗೆ ಮನೆ ಬೆಳೆಯುತ್ತ ಹೋಗುತ್ತದೆ. ವಿದ್ಯುತ್ತಿನ ಮೀಟರು ಮಾತ್ರ ಅನೇಕ ವೇಳೆ ಒಂದೇ ಆಗಿ ಉಳಿಯುತ್ತದೆ. ಆ ಒಂದರಿಂದ ಹಲವು ವಿತರಣಾ ಫಲಕಗಳಿಗೆ ವಿದ್ಯುತ್ತನ್ನು ಒಯ್ಯುವ ಬಗೆ ಹೇಗೆ? ಇದು ಕೆಲಸಗಾರನಿಗೆ ಬಿಡತಕ್ಕ ವಿಷಯವೆಂದು ಭೌತವಿಜ್ಞಾನವನ್ನು ಓದಿದವರೂ ಸುಮ್ಮನಿರುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕೆಳಮನೆಯ ಸಾಕೆಟ್ಟಿಗೆ ಹಾಕಿದ ತಂತಿಯನ್ನೇ ಮುಂದುವರಿಸಿ ಮೇಲಿನ ಹೊಸ ಫಲಕಕ್ಕೆ ಜೋಡಿಸುವ ವಾಡಿಕೆಯುಂಟು. ದೀಪ ಬೆಳಗುತ್ತದೆ, ಪಂಖ ತಿರುಗುತ್ತದೆ, ಎಲ್ಲರಿಗೂ ತೃಪ್ತಿ. ಆದರೆ ಲೆಕ್ಕ ಹಾಕಿ ನೋಡೋಣ. ೨.೫ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ೨೦ ಮೀಟರು ಹೋಗಿ ಹಿಂದಿರುಗಿದರೆ ಅದರ ರೋಧ ಸುಮಾರು ೦.೨೮ ಓಮ್. ಅದರಲ್ಲಿ ೧೫ ಆಂಪಿಯರ್ ಹರಿದರೆ ತಂತಿಯಲ್ಲಿ ೬೩ ವಾಟ್ ಉಷ್ಣ ಹುಟ್ಟುತ್ತದೆ. ಗೀಸರು, ವಿದ್ಯುದೊಲೆ, ಹವಾನಿಯಂತ್ರಕಗಳು ಒಟ್ಟಿಗೆ ನಡೆದು ಪ್ರವಾಹ ೩೦ ಆಂಪಿಯರಿಗೆ ಏರಿದರೆ ಉಷ್ಣ ೧೨೬ ಅಲ್ಲ, ೨೫೨ ವಾಟ್! ಪ್ರವಾಹ ಇಮ್ಮಡಿಯಾದರೆ ಉಷ್ಣ ನಾಲ್ಮಡಿ ಎಂಬ ಜೂಲನ ನಿಯಮವು ಪರೀಕ್ಷೆಯ ಕೊಠಡಿಯಲ್ಲಿ ಮಾತ್ರವಲ್ಲ, ಗೋಡೆಯ ಕೊಳವೆಯೊಳಗೂ ನಡೆಯುತ್ತದೆ. ಅಲ್ಲಿ ತಂತಿಯ ಹೊದಿಕೆ ದಿನದಿನಕ್ಕೆ ಬೆಂದು ಬಿರುಕುಬಿಡುತ್ತದೆ.

ಇದನ್ನು ತಡೆಯಲೆಂದೇ ಫ್ಯೂಸು ಅಥವಾ ಎಂಸಿಬಿ ಇರುವುದು. ಅದು ಮೊದಲಾಗಿ ತಂತಿಯ ಕಾವಲುಗಾರ. ಪದೇ ಪದೇ ಬೀಳುತ್ತದೆಂದು ಬೇಸತ್ತು ೧೬ ಆಂಪಿಯರಿನದನ್ನು ತೆಗೆದು ೩೨ರದನ್ನು ಹಾಕಿಸುವವನು ಕಾವಲುಗಾರನ ಕಣ್ಣು ಕಟ್ಟಿದಂತೆ.

ಆದುದರಿಂದ ಮೈನ್ ಫಲಕದಿಂದ ಪ್ರತಿಯೊಂದು ಫಲಕಕ್ಕೂ ಪ್ರತ್ಯೇಕ ತಂತಿ ಹೊರಡಬೇಕು. ಅದು ಹೊರಡುವೆಡೆಯಲ್ಲಿಯೇ ಅದರ ದಪ್ಪಕ್ಕೆ ತಕ್ಕ ಎಂಸಿಬಿ ಇರಬೇಕು. ಮೇಲಿನ ಉದಾಹರಣೆಯಲ್ಲಿ ೧೦ ಚದರ ಮಿಲಿಮೀಟರ್ ತಂತಿ ಹಾಕಿದರೆ ೩೦ ಆಂಪಿಯರಿಗೂ ಉಷ್ಣ ೬೩ ವಾಟನ್ನು ಮೀರದು. ಒಟ್ಟು ಭಾರವು ಮಂಜೂರಾದ ಮಿತಿಯೊಳಗಿರಬೇಕೆಂಬುದನ್ನೂ ಮರೆಯಲಾಗದು.

ಇನ್ನೊಂದು ಮಾತು. ನ್ಯೂಟ್ರಲ್ ತಂತಿಯನ್ನು ಬೀದಿಯ ಪರಿವರ್ತಕದ ಬಳಿ ಭೂಮಿಗೆ ಜೋಡಿಸಿರುತ್ತಾರೆ. ಹಾಗಾದರೆ ಮೇಲಿನ ಫಲಕದಲ್ಲಿಯೂ ನ್ಯೂಟ್ರಲನ್ನೂ ಭೂತಂತಿಯನ್ನೂ ಕೂಡಿಸಿದರೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ಕೂಡಿಸಕೂಡದು. ಕೂಡಿಸಿದರೆ ಹಿಂದಿರುಗುವ ಪ್ರವಾಹದ ಒಂದು ಪಾಲು ಭೂತಂತಿಯಲ್ಲಿ ಹರಿಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಪ್ರವಾಹಗಳನ್ನು ಹೋಲಿಸಿ, ೩೦ ಮಿಲಿಆಂಪಿಯರ್ ಅಂತರ ಕಂಡೊಡನೆ ಮನೆಯ ವಿದ್ಯುತ್ತನ್ನು ಕಡಿದು ಜೀವ ಉಳಿಸುವ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳತೊಡಗುತ್ತದೆ. ಕಿರುಕುಳವೆಂದು ಜನ ಅದನ್ನೇ ಕಿತ್ತುಹಾಕುತ್ತಾರೆ. ಒಂದು ವೇಳೆ ನ್ಯೂಟ್ರಲ್ ಕಡಿದುಹೋದರೆ, ಭೂತಂತಿಗೆ ಸೇರಿದ ಗೀಸರಿನ ಲೋಹದ ಮೈಯೇ ಅಪಾಯದ ವಿಭವಕ್ಕೆ ಏರಬಹುದು. ಒದ್ದೆಗೈಯ ಬಾಲಕನಿಗೆ ಅದು ಮೃತ್ಯುವಾದೀತು.

ವಿದ್ಯಾರ್ಥಿಮಿತ್ರರು ಫಲಕದ ಮುಚ್ಚಳವನ್ನು ತೆರೆಯಲೆಂದು ನಾವು ಹೇಳುತ್ತಿಲ್ಲ. ಆ ಕೆಲಸ ಪರವಾನಗಿ ಪಡೆದವರದು. ಆದರೆ ಮನೆಗೆ ಹೊಸ ಫಲಕ ಬರುವಾಗ ಮೂರು ಪ್ರಶ್ನೆಗಳನ್ನು ಕೇಳಲಿ: ಈ ತಂತಿ ಎಲ್ಲಿಂದ ಹೊರಡುತ್ತದೆ? ಅದರ ದಪ್ಪವೆಷ್ಟು, ಕಾಯುವ ಎಂಸಿಬಿ ಎಷ್ಟರದು? ನ್ಯೂಟ್ರಲ್ ಮತ್ತು ಭೂತಂತಿ ಬೇರೆಬೇರೆಯಾಗಿವೆಯೆ? ತಕ್ಕ ಉತ್ತರ ದೊರೆಯುವವರೆಗೆ ಹಣ ಕೊಡಬೇಡಿರೆಂದು ಹಿರಿಯರಿಗೆ ಹೇಳುವುದು ಉದ್ಧಟತನವಲ್ಲ. ಓದಿದ್ದಕ್ಕೆ ಸಲ್ಲಿಸಬೇಕಾದ ಋಣ.