ಹುದ್ದೆ ಮಂಜೂರಾದರೆ ಡಾಕ್ಟರು ಬಂದಂತಲ್ಲ

ಕರ್ನಾಟಕದಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಸರ್ಕಾರಿ, ಖಾಸಗಿ, ಡೀಮ್ಡ್ ಎಲ್ಲ ಸೇರಿ ಎಪ್ಪತ್ತರ ಆಸುಪಾಸು ವೈದ್ಯಕೀಯ ಕಾಲೇಜುಗಳಿವೆ. ಎಂಬಿಬಿಎಸ್ ಸೀಟುಗಳು 11 ಸಾವಿರ ದಾಟಿವೆ. ಈ ವಿಷಯದಲ್ಲಿ ನಮಗೆ ಸಾಟಿಯಾಗುವ ರಾಜ್ಯಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಆದರೂ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಬಂದವರು ತಮ್ಮ ಕಾಯಿಲೆ ಹೇಳಿಕೊಳ್ಳುವ ಮೊದಲು ಕೇಳುವ ಪ್ರಶ್ನೆ ಒಂದಿದೆ: ‘ಡಾಕ್ಟ್ರು ಅದಾರೇನಮ್ಮಾ?’ ಇಲ್ಲ ಎಂದರೆ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಗಡಿಯಾಚೆಗಾದರೆ ಅನಂತಪುರ. ‘ರೆಫರ್ ಮಾಡಿದ್ರು’ ಎಂಬುದು ಈ ಸೀಮೆಯಲ್ಲಿ ಅಚ್ಚ ಕನ್ನಡದ ಮಾತೇ ಆಗಿಬಿಟ್ಟಿದೆ.

ಓದಿ ಹೊರಬರುವವರು ಇಷ್ಟೊಂದು ಮಂದಿ ಇದ್ದೂ ಊರಿನ ಆಸ್ಪತ್ರೆಗೆ ಏಕೆ ದಕ್ಕುವುದಿಲ್ಲ? ಈ ಪ್ರಶ್ನೆ ಜಗತ್ತಿನ ಎಲ್ಲ ದೇಶಗಳಿಗೂ ಎದುರಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಒಂದು ಅಂದಾಜು ಮುಂದಿಟ್ಟಿತು: 2030ರ ಹೊತ್ತಿಗೆ ಲೋಕಕ್ಕೆ 1.8 ಕೋಟಿ ಆರೋಗ್ಯ ಕಾರ್ಯಕರ್ತರ ಕೊರತೆಯಾಗಲಿದೆ. ಮುಂದೆ ಆ ಅಂದಾಜು ಸುಮಾರು ಒಂದು ಕೋಟಿಗೆ ಇಳಿಯಿತು. ಕೊರತೆಯ ಬಿಸಿ ಹೆಚ್ಚು ತಟ್ಟುವುದು ಬಡ ದೇಶಗಳಿಗೆ. ಒಂದು ದೇಶದೊಳಗೆ ನೋಡಿದರೆ ಒಣ, ದೂರದ, ಬಡ ತಾಲ್ಲೂಕುಗಳಿಗೆ. ಇದನ್ನು ನಿಭಾಯಿಸಲು ಬೇರೆ ಬೇರೆ ದೇಶಗಳು ಕಂಡುಕೊಂಡ ದಾರಿಗಳನ್ನು ಒಟ್ಟಾಗಿ ‘ಆರೋಗ್ಯ ಸಿಬ್ಬಂದಿ ಯೋಜನೆ’ ಎನ್ನಬಹುದು. ಅದರಲ್ಲಿ ಮೂರು ಪ್ರಶ್ನೆಗಳಿವೆ. ಕೆಲಸ ಎಷ್ಟಿದೆ? ಅದನ್ನು ಮಾಡುವವರು ಯಾರು? ಬಂದವರು ಉಳಿಯುವುದು ಹೇಗೆ? ನಮ್ಮಲ್ಲಿ ಬಹುಪಾಲು ಚರ್ಚೆ ಖಾಲಿ ಹುದ್ದೆಗಳ ಸಂಖ್ಯೆಯಲ್ಲೇ ಮುಗಿದುಹೋಗುತ್ತದೆ. ಈ ಮೂರನ್ನೂ ಒಟ್ಟಿಗೆ ಕೇಳುವುದು ಅಪರೂಪ.

ಕಾವಲಿನ ಲೆಕ್ಕ

ಮುಂದಾಲೋಚನೆ ಈ ನೆಲಕ್ಕೆ ಹೊಸದಲ್ಲ. ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲು ಅಮೃತಮಹಲ್ ದನಗಳ ಹುಲ್ಲುಗಾವಲಾಗಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ಇಂಥ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಹುಲ್ಲು, ನೀರು ನೋಡಿಕೊಂಡು ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ದನ ಎಷ್ಟು ಎಂಬುದರ ಜೊತೆಗೆ ಯಾವ ಕಾಲಕ್ಕೆ ಎಲ್ಲಿ ಮೇವು ಸಿಗುತ್ತದೆ, ಹಿಂಡಿನ ಜೊತೆ ಯಾರು ಹೋಗಬೇಕು ಎಂಬುದೂ ಆ ಲೆಕ್ಕದಲ್ಲಿ ಸೇರಿತ್ತು.

2009–10ರ ಸುಮಾರಿಗೆ ಇದೇ ಸೀಮೆಯ ಸಾವಿರಾರು ಎಕರೆ ಕಾವಲು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹಂಚಿಕೆಯಾಯಿತು. ಉಳ್ಳಾರ್ತಿ ಕಾವಲು ಅಣು ಸಂಶೋಧನಾ ಕೇಂದ್ರದ ಪಾಲಿಗೆ ಬಂತು. ಮೇವಿನ ನೆಲ ಕಳೆದುಕೊಂಡ ಕುರಿಗಾಹಿಗಳು, ರೈತರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಆ ನ್ಯಾಯ–ಅನ್ಯಾಯದ ಚರ್ಚೆ ಬೇರೆಯೇ. ಆದರೆ ವಿಜ್ಞಾನದ ವಿಷಯ ಬಂದಾಗ ಸರ್ಕಾರ ಹತ್ತಾರು ವರ್ಷ ಮುಂದಕ್ಕೆ ಯೋಚಿಸಬಲ್ಲದು ಎಂಬುದಂತೂ ಸಾಬೀತಾಯಿತು. ನೆಲ ಗುರುತಿಸಿದರು, ವಾಣಿವಿಲಾಸ ಸಾಗರದಿಂದ ನೀರಿನ ವ್ಯವಸ್ಥೆ ಮಾಡಿದರು, 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಕಾವಲಿನ ಸುತ್ತಲ ಹಳ್ಳಿಗಳ ಆರೋಗ್ಯದ ವಿಷಯಕ್ಕೆ ಬಂದರೆ ಮಾತ್ರ ಯೋಜನೆ ಬಜೆಟ್ಟಿನಿಂದ ಬಜೆಟ್ಟಿಗೆ, ಗುತ್ತಿಗೆಯಿಂದ ಗುತ್ತಿಗೆಗೆ ಸಾಗುತ್ತದೆ.

ತಲೆ ಎಣಿಸುವುದೋ, ಕೆಲಸ ಅಳೆಯುವುದೋ

ನಮ್ಮ ಈಗಿನ ಲೆಕ್ಕ ಜನಸಂಖ್ಯೆಯದು. ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ ಪ್ರಕಾರ ಬಯಲು ಪ್ರದೇಶದಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು, ಬುಡಕಟ್ಟು, ದುರ್ಗಮ ಪ್ರದೇಶಗಳಿಗೆ ಅದು 3,000 ಮತ್ತು 20,000ಕ್ಕೆ ಇಳಿಯುತ್ತದೆ. ಈ ಕ್ರಮದ ಬೇರು 1946ರ ಭೋರ್ ಸಮಿತಿಯ ವರದಿಯಲ್ಲಿದೆ. ಲೆಕ್ಕ ಹಾಕುವುದು ಸುಲಭ, ರಾಜ್ಯ ರಾಜ್ಯಗಳ ನಡುವೆ ಹೋಲಿಸುವುದೂ ಸುಲಭ. ತೊಡಕಿರುವುದು ಬೇರೆ ಕಡೆ: ಚಳ್ಳಕೆರೆಯ ನೆಲ ಸಪಾಟಾಗಿದೆ. ಕಡತದ ಕಣ್ಣಿಗೆ ಇದು ಬಯಲು. ಹಟ್ಟಿಯಿಂದ ಹಟ್ಟಿಗೆ ಇರುವ ದೂರ, ದಿನಕ್ಕೆರಡು ಸಲ ಬರುವ ಬಸ್ಸು, ಬೇಸಿಗೆಯ ಬಿಸಿಲು ಜನಸಂಖ್ಯೆಯ ಅಂಕಿಯೊಳಗೆ ಕಾಣುವುದಿಲ್ಲ.

ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಕೈಪಿಡಿಯಾಗಿ ಹೊರತಂದು, 2010ರಲ್ಲಿ ಪರಿಷ್ಕರಿಸಿದ ‘ವಿಸ್ನ್’ ಎಂಬ ವಿಧಾನವಿದೆ. ಅದು ಜನರನ್ನು ಬಿಟ್ಟು ಕೆಲಸವನ್ನು ಅಳೆಯುತ್ತದೆ. ಹೆಸರು ಹೊಸದಾದರೂ ಗಣಿತ ಶಾಲಾ ಮಕ್ಕಳದು. ಉಪಕೇಂದ್ರದ ಸಿಸ್ಟರ್ ಒಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ವರ್ಷದ 365 ದಿನಗಳಲ್ಲಿ ಭಾನುವಾರ, ಹಬ್ಬ, ರಜೆ, ತರಬೇತಿ, ತಾಲ್ಲೂಕು ಕೇಂದ್ರದ ಸಭೆ ಎಲ್ಲ ಕಳೆದು 240 ದಿನ ಕೆಲಸಕ್ಕೆ ಸಿಕ್ಕಿತೆನ್ನೋಣ. ದಿನಕ್ಕೆ 7 ಗಂಟೆಯಂತೆ 1,680 ಗಂಟೆ. ಗರ್ಭಿಣಿಯ ಮನೆಗೆ ಹೋಗಿ ಬಿಪಿ ನೋಡಿ, ರಕ್ತಹೀನತೆ ಪರೀಕ್ಷಿಸಿ, ತಾಯಿ ಕಾರ್ಡಿನಲ್ಲಿ ಬರೆಯಲು 20 ನಿಮಿಷ ಬೇಕು. ಮನೆಗಳು ಒತ್ತೊತ್ತಾಗಿರುವ ಊರಾದರೆ ಮುಂದಿನ ಮನೆಗೆ 5 ನಿಮಿಷದ ನಡಿಗೆ. ಅಂದರೆ ಒಂದು ಭೇಟಿಗೆ 25 ನಿಮಿಷ. ಬೇರೆ ಯಾವ ಕೆಲಸವೂ ಇಲ್ಲದಿದ್ದರೆ ವರ್ಷಕ್ಕೆ ನಾಲ್ಕು ಸಾವಿರ ಭೇಟಿ ಸಾಧ್ಯ. ಹಟ್ಟಿಗಳು ಚದುರಿದ ಸೀಮೆಯಲ್ಲಿ ದಾರಿಗೇ 40 ನಿಮಿಷ ಹೋಯಿತೆನ್ನಿ. ಭೇಟಿಗೆ ಒಂದು ಗಂಟೆ. ಈಗ ಸಾಧ್ಯವಾಗುವುದು 1,680 ಮಾತ್ರ. ಅದೇ ಸಿಸ್ಟರ್, ಅದೇ ಶ್ರದ್ಧೆ, ಅದೇ 5,000 ಜನ. ತಲುಪಿದ್ದು ಅರ್ಧಕ್ಕಿಂತ ಕಡಿಮೆ. ಇದರ ಮೇಲೆ ಲಸಿಕೆ ದಿನ, ರಿಜಿಸ್ಟರು, ಮೊಬೈಲ್ ಆ್ಯಪ್‌ನ ಎಂಟ್ರಿ ಬೇರೆ. ವರ್ಷದ ಕೊನೆಗೆ ‘ಗುರಿ ಮುಟ್ಟಿಲ್ಲ’ ಎಂದು ನೋಟಿಸ್ ಹೋಗುವುದು ಆಕೆಗೆ. ತಪ್ಪಿರುವುದು ಲೆಕ್ಕದ ರೀತಿಯಲ್ಲಿ.

ಆಸ್ಪತ್ರೆಗಳಲ್ಲೂ ಹೀಗೆಯೇ. ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ ತಜ್ಞರಷ್ಟೇ ಸಾಲದು, ಅರಿವಳಿಕೆ ತಜ್ಞರು ಬೇಕು, ಕೂಸನ್ನು ನೋಡಲು ಮಕ್ಕಳ ತಜ್ಞರು ಬೇಕು. ಮೂವರಲ್ಲಿ ಇಬ್ಬರಿದ್ದು ಒಬ್ಬರಿಲ್ಲದಿದ್ದರೆ ಕಡತದಲ್ಲಿ ಮೂರನೇ ಎರಡು ಹುದ್ದೆ ಭರ್ತಿ. ನಡುರಾತ್ರಿ ಬಂದ ಗರ್ಭಿಣಿಯ ಪಾಲಿಗೆ ಆಸ್ಪತ್ರೆ ಖಾಲಿ. 108ರಲ್ಲಿ ಮತ್ತೆ ಜಿಲ್ಲಾ ಕೇಂದ್ರದ ದಾರಿ.

ಕಡ್ಡಾಯ ಮಾಡಿದವರು, ಕರೆದುಕೊಂಡು ಬಂದವರು

ಹಳ್ಳಿಗೆ ಡಾಕ್ಟರನ್ನು ಕಳಿಸಲು ಸರ್ಕಾರಗಳಿಗೆ ಮೊದಲು ತೋಚುವುದು ಕಾನೂನು. ಕರ್ನಾಟಕ 2012ರಲ್ಲಿ ವೈದ್ಯಕೀಯ ಪದವೀಧರರ ಕಡ್ಡಾಯ ಸೇವೆಯ ಕಾಯ್ದೆ ತಂದಿತು. ಜಾರಿಗೆ ಬಂದದ್ದು 2015ರಲ್ಲಿ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2019ರಲ್ಲಿ ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಹೊರಬರುವ ಪದವೀಧರರು ಖಾಲಿ ಹುದ್ದೆಗಳಿಗಿಂತ ಹೆಚ್ಚಾದಾಗ ಅದನ್ನು ಸಡಿಲಿಸಲು ತಿದ್ದುಪಡಿಯೂ ಆಯಿತು. ಕಾಯ್ದೆಯಿಂದ ಬಾಗಿಲು ತೆರೆದ ಆಸ್ಪತ್ರೆಗಳುಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಒಂದು ವರ್ಷದ ಸೇವೆ ಎಂದರೆ ವರ್ಷಕ್ಕೊಬ್ಬ ಹೊಸ ಡಾಕ್ಟರು. ಸಕ್ಕರೆ ಕಾಯಿಲೆಯ ಅಜ್ಜನ ಹೆಸರು, ಹಳೆಯ ಚೀಟಿ, ಮಾತ್ರೆ ನುಂಗದೆ ತಪ್ಪಿಸಿಕೊಳ್ಳುವ ಉಪಾಯ ಎಲ್ಲ ಗೊತ್ತಾಗುವ ಹೊತ್ತಿಗೆ ಡಾಕ್ಟರು ಪಿಜಿ ಪ್ರವೇಶ ಪರೀಕ್ಷೆಗೆ ಗಂಟು ಕಟ್ಟಿರುತ್ತಾರೆ.

ಥಾಯ್ಲೆಂಡ್ ಈ ಹಾದಿಯಲ್ಲಿ ನಮಗಿಂತ ನಲವತ್ತು ವರ್ಷ ಮುಂದಿದೆ. ಅಲ್ಲಿ 1970ರ ದಶಕದ ಆರಂಭದಲ್ಲೇ ಮೂರು ವರ್ಷದ ಕಡ್ಡಾಯ ಸೇವೆ ಬಂತು, ತಪ್ಪಿದರೆ ದಂಡ. ದಂಡ ಕಟ್ಟಿ ಹೋಗುವವರು ಹೋದರು. ಆಗ ಅವರು ಕಾಯ್ದೆಯೊಂದನ್ನೇ ನೆಚ್ಚಿಕೊಳ್ಳದೆ ಹಳ್ಳಿ ಭತ್ಯೆ ಕೊಟ್ಟರು, ಖಾಸಗಿ ಪ್ರಾಕ್ಟೀಸ್ ಮಾಡದವರಿಗೆ ಬೇರೆ ಭತ್ಯೆ ಕೊಟ್ಟರು. 1990ರ ದಶಕದ ನಡುಭಾಗದಲ್ಲಿ ಗ್ರಾಮೀಣ ಮಕ್ಕಳನ್ನೇ ಆರಿಸಿ, ಪ್ರಾಂತೀಯ ಆಸ್ಪತ್ರೆಗಳಲ್ಲೇ ತರಬೇತಿ ಕೊಟ್ಟು, ಅಲ್ಲಿಗೇ ನೇಮಿಸುವ ಯೋಜನೆ ಶುರುಮಾಡಿದರು. 2005ರಲ್ಲಿ ‘ಒಂದು ಜಿಲ್ಲೆಗೆ ಒಬ್ಬ ವೈದ್ಯ’ ಎಂಬ ಯೋಜನೆ ಬಂತು. ಅದರಲ್ಲಿ ಸೇರಿದವರ ಕರಾರು ಹನ್ನೆರಡು ವರ್ಷದ್ದು.

ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯದ ಕಥೆ ಇನ್ನೂ ನೇರವಾಗಿದೆ. 1972ರಲ್ಲಿ ಆರಂಭವಾದ ಈ ಸಂಸ್ಥೆಗೆ ಆ ದೇಶದ 47 ಪ್ರಾಂತ್ಯಗಳೂ ವರ್ಷಕ್ಕೆ ಎರಡು ಮೂರು ವಿದ್ಯಾರ್ಥಿಗಳನ್ನು ಕಳಿಸುತ್ತವೆ. ಪದವಿಯಾದ ಮೇಲೆ ತಮ್ಮದೇ ಪ್ರಾಂತ್ಯಕ್ಕೆ ಮರಳಿ ಸುಮಾರು ಒಂಬತ್ತು ವರ್ಷ ದುಡಿದರೆ ಶುಲ್ಕ ಮನ್ನಾ. ಆ ವರ್ಷಗಳ ದೊಡ್ಡ ಪಾಲು ಹಳ್ಳಿಗಾಡಿನಲ್ಲಿ ಕಳೆಯುತ್ತದೆ. ಕರಾರು ಮುಗಿದ ಮೇಲೂ ಮೂರರಲ್ಲಿ ಎರಡು ಪಾಲು ವೈದ್ಯರು ತಮ್ಮ ಪ್ರಾಂತ್ಯದಲ್ಲೇ ಉಳಿದರೆಂದು ಅಧ್ಯಯನಗಳು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದು 2021ರಲ್ಲಿ ನವೀಕರಿಸಿದ ಮಾರ್ಗಸೂಚಿಯ ಮೊದಲ ಸಲಹೆಯೂ ಹಳ್ಳಿಯ ಮಕ್ಕಳನ್ನು ಓದಿಗೆ ಆರಿಸಿಕೊಳ್ಳಿ ಎಂಬುದೇ. ಜೊತೆಗೆ ಇರಲು ಮನೆ, ಮಕ್ಕಳಿಗೆ ಶಾಲೆ, ಕೆಲಸದಲ್ಲಿ ಭದ್ರತೆ, ಮುಂದಿನ ಓದಿಗೆ ದಾರಿ ಇವೆಲ್ಲ ಒಟ್ಟಿಗೆ ಇರಬೇಕು. ಒಂದನ್ನೇ ಕೊಟ್ಟರೆ ಸಾಲದು.

ಕರ್ನಾಟಕದ ಕೈಯಲ್ಲೂ ಇಂಥ ಒಂದು ಹಿಡಿ ಇದೆ. ವೃತ್ತಿ ಶಿಕ್ಷಣದ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿಯಿದೆ. ಹಳ್ಳಿಯ ಮಗು ಕಾಲೇಜಿಗೆ ಬರುವುದಕ್ಕೆ ನಾವು ಮೆಟ್ಟಿಲು ಕಟ್ಟಿದ್ದೇವೆ. ಮರಳಿ ಊರಿಗೆ ಹೋಗುವ ದಾರಿ ಮಾತ್ರ ಕಟ್ಟಿಲ್ಲ.

ಬುಡದಲ್ಲಿ ದುಡಿಯುವವರು

ಡಾಕ್ಟರ ಮಾತೇ ಆಯಿತು. ಭೋರ್ ಸಮಿತಿಯ ಕಾಲಕ್ಕೆ ದೇಶದ ವೈದ್ಯರಲ್ಲಿ ಹೆಚ್ಚಿನವರು ಎಂಬಿಬಿಎಸ್‌ಗಿಂತ ಚಿಕ್ಕ ಓದಿನ ಲೈಸೆನ್ಶಿಯೇಟ್‌ಗಳು. ಒಂದೇ ಬಗೆಯ ಪದವಿ ವೈದ್ಯರು ಸಾಕೆಂದು ಸಮಿತಿ ಆ ಕೋರ್ಸನ್ನು ಕೈಬಿಡಲು ಹೇಳಿತು. ಕೆಲವು ಸದಸ್ಯರು ಆಗಲೇ ಭಿನ್ನಮತ ಬರೆದಿದ್ದರು. ಬಿಟ್ಟ ಆ ನಡುಮೆಟ್ಟಿಲನ್ನು ದೇಶ ಈಗ ಬೇರೆ ರೂಪದಲ್ಲಿ ಮತ್ತೆ ಇಡುತ್ತಿದೆ. 2018ರಿಂದ ಉಪಕೇಂದ್ರಗಳಿಗೆ ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯಾಧಿಕಾರಿಗಳಾಗಿ ನೇಮಿಸಿದ್ದು ಅದಕ್ಕೇ. ಬಿಪಿ, ಶುಗರ್ ಮಾತ್ರೆಗಾಗಿ ತಾಲ್ಲೂಕಿಗೆ ಓಡಾಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಅವರಿಗೂ ಕೆಳಗೆ, ಊರಿನವರೇ ಆದ ಆಶಾ ಕಾರ್ಯಕರ್ತೆಯರಿದ್ದಾರೆ. ಈ ಗಡಿ ಸೀಮೆಯ ಎಷ್ಟೋ ಮನೆಗಳ ಮಾತು ತೆಲುಗು. ಕೆಲವು ಹಟ್ಟಿಗಳಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನು ಹೊರಗಿನ ಗುಡಿಸಲಿನಲ್ಲಿರಿಸುವ ರೂಢಿ ಪೂರ್ತಿ ಹೋಗಿಲ್ಲ. ಅಲ್ಲಿಗೆ ಹೋಗಿ ಕೂಸಿನ ಮೈ ಮುಟ್ಟಿ ನೋಡಿ, ಅಜ್ಜಿಯನ್ನು ಒಪ್ಪಿಸಿ ಆಸ್ಪತ್ರೆಗೆ ಹೊರಡಿಸುವುದು ಹೊರಗಿನಿಂದ ಬಂದ ಡಾಕ್ಟರಿಗೆ ಆಗುವ ಕೆಲಸವಲ್ಲ. ಈ ಕೆಲಸಕ್ಕೆ ಏನು ಸಿಗುತ್ತದೆ? ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ–ಮಗುವಿನ ಮನೆಗೆ 3, 7, 14, 21, 28 ಮತ್ತು 42ನೇ ದಿನ, ಅಂದರೆ ಆರು ಸಲ ಹೋಗಿಬಂದರೆ ಪ್ರೋತ್ಸಾಹಧನ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಯೂ ಪೂರ್ತಿ ಬೀಳುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ನೀಡಿತು. 2025ರ ಜನವರಿಯಲ್ಲಿ ಅದೇ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು.

ನಮಗಿಂತ ಬಡ ದೇಶವಾದ ಇಥಿಯೋಪಿಯಾ 2003ರಲ್ಲಿ ಇಂಥದೇ ಯೋಜನೆ ಆರಂಭಿಸಿದಾಗ ಬೇರೆ ದಾರಿ ಹಿಡಿಯಿತು. ಪ್ರತಿ ಕೆಳಹಂತದ ಆಡಳಿತ ಘಟಕಕ್ಕೆ ಇಬ್ಬರು ಸ್ಥಳೀಯ ಯುವತಿಯರು, ಒಂದು ವರ್ಷದ ತರಬೇತಿ, ಸರ್ಕಾರಿ ಸಂಬಳ. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ನೌಕರರಾದರು. ಆಶಾಗಳನ್ನು ನಾವು ಇಂದಿಗೂ ‘ಸ್ವಯಂಸೇವಕಿ’ ಎನ್ನುತ್ತೇವೆ.

ಎಂಟು ವರ್ಷದ ಬೆಳೆ

ಇಂದು ಎಂಬಿಬಿಎಸ್‌ಗೆ ಸೇರಿದವರು ಹೊರಬರಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ತಜ್ಞರಾಗಲು ಮತ್ತೆ ಮೂರು. ಒಟ್ಟು ಎಂಟೂವರೆ ವರ್ಷ. ಇದಕ್ಕಾಗಿಯೇ ನೆದರ್ಲೆಂಡ್ಸ್ 1999ರಲ್ಲಿ ಒಂದು ಸ್ವತಂತ್ರ ಸಂಸ್ಥೆಯನ್ನು ಕಟ್ಟಿತು. ಯಾರು ಯಾವಾಗ ನಿವೃತ್ತರಾಗುತ್ತಾರೆ, ಎಷ್ಟು ಮಂದಿ ಅರೆಕಾಲಿಕ, ಮುದುಕರ ಸಂಖ್ಯೆ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ, ಯಾವ ವಿಭಾಗಕ್ಕೆ ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬೇಕೆಂದು ಅದು ಸರ್ಕಾರಕ್ಕೆ ಹೇಳುತ್ತದೆ. ಇಂಗ್ಲೆಂಡ್ 2023ರಲ್ಲಿ ಹದಿನೈದು ವರ್ಷದ ಯೋಜನೆ ಬರೆದುಕೊಂಡಿತು. ಸ್ವಂತ ಯೋಜನೆ ಇಲ್ಲದಿದ್ದಾಗ ಶ್ರೀಮಂತ ದೇಶಗಳು ತಮ್ಮ ಕೊರತೆಯನ್ನು ನಮ್ಮ ನರ್ಸ್‌ಗಳಿಂದ ತುಂಬಿಕೊಳ್ಳುತ್ತವೆ. ಇದಕ್ಕೊಂದು ಮೇರೆ ಇರಲೆಂದು 2010ರಲ್ಲಿ ಜಾಗತಿಕ ನೀತಿ ಸಂಹಿತೆ ಬಂದಿದೆ, ಆದರೆ ಪಾಲಿಸುವುದು ಐಚ್ಛಿಕ. ಹೋಗುವ ಹೆಣ್ಣುಮಕ್ಕಳನ್ನು ದೂರುವಂತಿಲ್ಲ. ಗುತ್ತಿಗೆ ಸಂಬಳಕ್ಕೂ ವಿದೇಶದ ಸಂಬಳಕ್ಕೂ ಇರುವ ಅಂತರ ಅವರು ಮಾಡಿದ್ದಲ್ಲ.

ಚಿತ್ರದುರ್ಗಕ್ಕೆ ಈಗ ಒಂದು ಅವಕಾಶ ಒದಗಿದೆ. 2023ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮೊದಲ ತಂಡ ಹೊರಬರುವುದು 2029ರ ಹೊತ್ತಿಗೆ. ಅಷ್ಟರೊಳಗೆ ಮಾಡಬಹುದಾದ ಕೆಲಸಗಳಿವೆ. ಗ್ರಾಮೀಣ ಮೀಸಲಾತಿಯಲ್ಲಿ ಬಂದವರ ಪೈಕಿ ಒಪ್ಪಿದವರಿಗೆ ಶುಲ್ಕ ಮನ್ನಾ ಮಾಡಿ, ಪಿಜಿ ಸೀಟಿನಲ್ಲಿ ಆದ್ಯತೆ ಕೊಟ್ಟು, ಪ್ರತಿಯಾಗಿ ಸ್ವಂತ ಜಿಲ್ಲೆಯಲ್ಲಿ ಆರೆಂಟು ವರ್ಷದ ಸೇವೆ ಕೇಳಬಹುದು. ವಿದ್ಯಾರ್ಥಿಗಳ ತರಬೇತಿಯ ಒಂದು ಪಾಲನ್ನು ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕು ಆಸ್ಪತ್ರೆಗಳಲ್ಲೇ ನಡೆಸಬಹುದು. ಚದುರಿದ ಹಟ್ಟಿಗಳಿರುವ ಒಣ ತಾಲ್ಲೂಕುಗಳಲ್ಲಿ ತಲೆಯೆಣಿಕೆ ಬಿಟ್ಟು ಕೆಲಸದ ಅಳತೆಯಿಂದ ಹುದ್ದೆ ನಿಗದಿ ಮಾಡಬಹುದು. ಆಶಾ ಮತ್ತು ಸಮುದಾಯ ಆರೋಗ್ಯಾಧಿಕಾರಿಗಳಿಗೆ ಖಾಯಂ ಸಂಬಳದ ದಾರಿ ತೆರೆಯಬಹುದು.

ದುಡ್ಡೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈಗಲೂ ಖರ್ಚು ಆಗುತ್ತಲೇ ಇದೆ. ಹೊತ್ತಿಗೆ ಆಗದ ಹೆರಿಗೆ, ದೂರದ ಖಾಸಗಿ ಆಸ್ಪತ್ರೆಯ ಬಿಲ್ಲು, ಒಂದು ದಿನದ ಕೂಲಿ ಬಿಟ್ಟು ಬಳ್ಳಾರಿಗೆ ಓಡಾಟ, ಇವೆಲ್ಲದರ ಲೆಕ್ಕ ಸರ್ಕಾರದ ಪುಸ್ತಕದಲ್ಲಿ ಬರದೆ ಬಡವರ ಸಾಲದ ಪುಸ್ತಕದಲ್ಲಿ ಬರುತ್ತದೆ. ಯೋಜನೆ ಎಂದರೆ ಆ ಖರ್ಚನ್ನು ಹೊರಬೇಕಾದವರ ಹೆಗಲಿಗೆ ತರುವುದು. 2029ಕ್ಕೆ ಬೇಕಾದ ತೀರ್ಮಾನವನ್ನು 2029ರಲ್ಲಿ ಮಾಡಲಾಗದು. ಮುಂದಿನ ಬಜೆಟ್ಟಿನಲ್ಲೇ ಅದು ಆಗಬೇಕು.