ಚಂದಾ ವ್ಯಾಪಾರದಲ್ಲಿ ಮುಂಗಡ ಹಣ ಯಾರದು?

ಹಳೆಯ ಮೈಸೂರು ಪ್ರಾಂತ್ಯದ ಪಟ್ಟಣಗಳಲ್ಲಿ ಹಾಲು, ಹೂವು ಮನೆಗೆ ಬರುತ್ತಿದ್ದುದು ವರ್ತನೆಯ ಮೇಲೆ. ದಿನವೂ ಚೌಕಾಸಿಯಿಲ್ಲ, ಬೇಡವಾದ ದಿನ ಒಂದು ಮಾತು ಹೇಳಿದರಾಯಿತು, ತಿಂಗಳ ಕೊನೆಗೆ ಲೆಕ್ಕ. ಇಂದು ಚಂದಾ ಸೇವೆಯೆಂಬ ಹೆಸರಿನಲ್ಲಿ ಸಣ್ಣ ಉದ್ದಿಮೆದಾರರ ಮುಂದಿಡಲಾಗುತ್ತಿರುವ ಮಾರ್ಗವು ಬಹುಮಟ್ಟಿಗೆ ಇದೇ ಆಗಿದೆ. ಆದರೆ ಒಂದು ವ್ಯತ್ಯಾಸವುಂಟು. ವರ್ತನೆಯಲ್ಲಿ ಹಾಲು ಮೊದಲು, ಹಣ ಅನಂತರ. ಚಂದಾ ಪದ್ಧತಿಯಲ್ಲಿ ಸಾಮಾನ್ಯವಾಗಿ ಹಣವೇ ಮೊದಲು. ಹಿಂದೆ ವರ್ತಕನು ಗ್ರಾಹಕನನ್ನು ನಂಬುತ್ತಿದ್ದನು. ಈಗ ಗ್ರಾಹಕನು ವರ್ತಕನನ್ನು ನಂಬಬೇಕಾಗಿದೆ. ಈ ಹೊಸ ಹೊಣೆಯನ್ನು ಅರಿಯದೆ ಚಂದಾ ವ್ಯಾಪಾರಕ್ಕಿಳಿಯುವುದು ಅಪಾಯಕರ.

ಕಾಫಿಪುಡಿಯ ಅಂಗಡಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹುರಿದು ಪುಡಿ ಮಾಡಿದ ಕಾಫಿಯ ಪರಿಮಳ ಕೆಲವೇ ವಾರಗಳಲ್ಲಿ ಕುಂದುವುದರಿಂದ, ಮೇಲಿಂದ ಮೇಲೆ ಕೊಳ್ಳಲೇಬೇಕಾದ ಸರಕು ಇದು. ಚಂದಾ ಪದ್ಧತಿಗೆ ಹೇಳಿ ಮಾಡಿಸಿದಂತಿದೆ. 200 ಮನೆಗಳು ವರ್ಷಕ್ಕೆ 6,000 ರೂಪಾಯಿಯಂತೆ ಏಪ್ರಿಲ್ ಮೊದಲ ವಾರದಲ್ಲಿಯೇ ಪಾವತಿ ಮಾಡಿದವೆಂದು ಇಟ್ಟುಕೊಂಡರೆ, ಅಂಗಡಿಯ ಖಾತೆಗೆ ಒಮ್ಮೆಲೇ 12 ಲಕ್ಷ ಬರುತ್ತದೆ. ಆದರೆ ಏಪ್ರಿಲ್ ಕೊನೆಗೆ ಪುಡಿ ಪೂರೈಸಿ ಸಂಪಾದಿಸಿದ ಹಣ ಒಂದು ಲಕ್ಷ ಮಾತ್ರ. ಉಳಿದ 11 ಲಕ್ಷ ಸಾಲ. ಬಡ್ಡಿಯಿಲ್ಲದ ಸಾಲವಾದರೂ ಸಾಲವೇ. ಅದನ್ನು ಹೊಸ ಹುರಿಯುವ ಯಂತ್ರಕ್ಕೋ ಅಂಗಡಿಯ ಅಲಂಕಾರಕ್ಕೋ ತೊಡಗಿಸಿದ ವರ್ತಕನು, ದೀಪಾವಳಿಯ ಹೊತ್ತಿಗೆ ಬೀಜ ಕೊಳ್ಳಲು ಕೈಗಡ ಹುಡುಕಬೇಕಾದೀತು.

ಬೀಜದ ಧಾರಣೆಯಂತೂ ಯಾರ ಹಿಡಿತದಲ್ಲಿಯೂ ಇಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಫಸಲು ಕುಗ್ಗಿದ ಪರಿಣಾಮವಾಗಿ 2024ರಲ್ಲಿ ರೋಬಸ್ಟಾ, 2025ರ ಆರಂಭದಲ್ಲಿ ಅರೇಬಿಕಾ ದಾಖಲೆಯ ಬೆಲೆ ಮುಟ್ಟಿದವು. ಬೆಳೆಗಾರರಿಗೆ ಅದು ಹಬ್ಬ. ಹಳೆಯ ದರದಲ್ಲಿ ಇಡೀ ವರ್ಷದ ಚಂದಾ ಪಡೆದುಕೊಂಡ ಪುಡಿ ವ್ಯಾಪಾರಿಯಾದರೋ ಪ್ರತಿ ಪೊಟ್ಟಣದ ಮೇಲೂ ನಷ್ಟ ಹೊರಬೇಕಾಗುತ್ತದೆ. ಕಚ್ಚಾಮಾಲಿನ ಬೆಲೆ ಏರಿಳಿಯುವ ಸರಕುಗಳಿಗೆ ವಾರ್ಷಿಕ ಚಂದಾ ಸಲ್ಲದು. ಮೂರು ತಿಂಗಳೇ ಸಾಕು. ದೊಡ್ಡ ಮೊತ್ತ ಒಮ್ಮೆಗೇ ಕೈಸೇರುವ ಆಸೆಯನ್ನು ಬಿಡುವುದು ಕಷ್ಟವೇನೋ ಹೌದು.

ದರ ನಿಗದಿಯ ಅವಿವೇಕಕ್ಕೆ ಅಮೆರಿಕದ ಮೂವಿಪಾಸ್ ಸಂಸ್ಥೆಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 2017ರ ಆಗಸ್ಟ್‌ನಲ್ಲಿ ಅದು ತಿಂಗಳಿಗೆ 9.95 ಡಾಲರ್‌ಗೆ ದಿನಕ್ಕೊಂದು ಚಲನಚಿತ್ರ ನೋಡುವ ಅವಕಾಶ ಕಲ್ಪಿಸಿತು. ನ್ಯೂಯಾರ್ಕ್‌ನಂಥ ನಗರದಲ್ಲಿ ಒಂದೇ ಟಿಕೆಟ್ಟಿನ ಬೆಲೆ ಅದಕ್ಕಿಂತ ಹೆಚ್ಚು. ಚಿತ್ರಮಂದಿರಗಳಿಗೆ ಬಹುಪಾಲು ಪೂರ್ಣ ದರವನ್ನು ಸಂಸ್ಥೆಯೇ ತೆರಬೇಕಿತ್ತು. ಚಂದಾದಾರರ ಸಂಖ್ಯೆ ಲಕ್ಷಗಳಲ್ಲಿ ಏರಿತು, ನಷ್ಟವೂ ಜೊತೆಗೇ ಏರಿತು. 2019ರ ಸೆಪ್ಟೆಂಬರ್‌ನಲ್ಲಿ ಸೇವೆ ನಿಂತಿತು. ಹೆಚ್ಚು ಬಳಸುವ ಗ್ರಾಹಕನನ್ನು ಕಂಡು ವರ್ತಕನು ಹೆದರಬೇಕಾದ ಸ್ಥಿತಿ ಬಂದರೆ, ಆ ದರದಲ್ಲಿ ದೋಷವಿದೆಯೆಂದೇ ಅರ್ಥ.

ತಯಾರಕರಿಗೆ ಈ ಪದ್ಧತಿ ವಾರ್ಷಿಕ ನಿರ್ವಹಣಾ ಒಪ್ಪಂದದ ರೂಪದಲ್ಲಿ ಬಹುಕಾಲದಿಂದ ಪರಿಚಿತ. ಏರ್ ಕಂಪ್ರೆಸರ್ ತಯಾರಿಸುವ ಘಟಕವು ಅದನ್ನು ಮಾರಿ ಸುಮ್ಮನಾಗುವ ಬದಲು, ಎಣ್ಣೆ ಮತ್ತು ಫಿಲ್ಟರ್ ಬದಲಾವಣೆಯನ್ನೂ ತಪಾಸಣೆಯನ್ನೂ ನಿಗದಿತ ಶುಲ್ಕಕ್ಕೆ ವಹಿಸಿಕೊಂಡರೆ, ಆರ್ಡರುಗಳಿಲ್ಲದ ತಿಂಗಳಲ್ಲಿಯೂ ಸಂಬಳಕ್ಕೆ ಹಣವಿರುತ್ತದೆ. ಆದರೆ ತೆರಿಗೆಯ ವ್ಯತ್ಯಾಸವನ್ನು ಗಮನಿಸಬೇಕು. ಸರಕಿನ ಮುಂಗಡದ ಮೇಲೆ ಜಿ.ಎಸ್.ಟಿ. ತೆರಬೇಕಾದ ಅಗತ್ಯವನ್ನು 2017ರ ನವೆಂಬರ್‌ನಲ್ಲಿ ಸಾಮಾನ್ಯ ನೋಂದಣಿದಾರರಿಗೆ ತೆಗೆದುಹಾಕಲಾಯಿತು. ಸೇವೆಯ ಮುಂಗಡಕ್ಕೆ ಆ ರಿಯಾಯಿತಿ ದೊರೆಯಲಿಲ್ಲ. ನಿರ್ವಹಣಾ ಶುಲ್ಕವನ್ನು ವರ್ಷಕ್ಕೆ ಒಮ್ಮೆಲೇ ಪಡೆದರೆ ಅದರ ತೆರಿಗೆಯೂ ಒಮ್ಮೆಲೇ ಬಾಕಿಯಾಗುತ್ತದೆ. ಘಟಕವು ಕಂಪನಿಯಾಗಿ ನೋಂದಣಿಯಾಗಿದ್ದಲ್ಲಿ ಇನ್ನೊಂದು ತೊಡಕು: 2014ರ ಠೇವಣಿ ನಿಯಮಗಳ ಪ್ರಕಾರ, ಸರಕು ಅಥವಾ ಸೇವೆಗಾಗಿ ಪಡೆದ ಮುಂಗಡವನ್ನು ಸಾಮಾನ್ಯವಾಗಿ 365 ದಿನಗಳೊಳಗೆ ಅದೇ ಬಾಬ್ತಿಗೆ ಹೊಂದಿಸದಿದ್ದರೆ ಅದು ಠೇವಣಿಯೆಂದು ಪರಿಗಣಿತವಾಗುವ ಸಂಭವವಿದೆ. ಎರಡು ಮೂರು ವರ್ಷಗಳ ಚಂದಾಕ್ಕೆ ಭಾರಿ ರಿಯಾಯಿತಿ ಘೋಷಿಸುವ ಮುನ್ನ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸುವುದು ಕ್ಷೇಮಕರ.

ಹಣ ವಸೂಲಿಯ ಮಾರ್ಗ ಈಗ ಸುಗಮವಾಗಿದೆ. 2020ರ ಜುಲೈನಲ್ಲಿ ಯು.ಪಿ.ಐ. ಆಟೋಪೇ ಬಂದಿತು, ಹೆಚ್ಚುವರಿ ದೃಢೀಕರಣವಿಲ್ಲದೆ ಕಡಿತ ಮಾಡಬಹುದಾದ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ 5,000ದಿಂದ 15,000 ರೂಪಾಯಿಗೆ ಏರಿಸಿತು. ಕಡಿತಕ್ಕೆ 24 ಗಂಟೆ ಮುಂಚೆ ಗ್ರಾಹಕನಿಗೆ ಸೂಚನೆ ಹೋಗಬೇಕೆಂಬ ನಿಯಮವು ಹಲವು ವರ್ತಕರಿಗೆ ಕಿರಿಕಿರಿಯೆನಿಸಿದೆ. ನೆನಪಾದೊಡನೆ ಗ್ರಾಹಕನು ಬಿಟ್ಟುಬಿಡುವನೆಂಬ ಭಯ. ಆದರೆ ಮರೆವಿನ ಮೇಲೆ ನಿಂತ ಚಂದಾ ಎಷ್ಟು ದಿನ ಬಾಳೀತು? ರದ್ದತಿಯನ್ನು ಬೇಕೆಂದೇ ಜಟಿಲಗೊಳಿಸುವ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮಾರ್ಗಸೂಚಿಯಲ್ಲಿ ನಿಷಿದ್ಧ ತಂತ್ರಗಳ ಸಾಲಿಗೆ ಸೇರಿಸಿದೆ.

ಬಿಟ್ಟುಹೋಗುವವರನ್ನು ತಡೆಯುವ ಉಪಾಯ ಬೇರೆಡೆ ಇದೆ. ನೂರರಲ್ಲಿ ಐವರಂತೆ ಪ್ರತಿ ತಿಂಗಳೂ ತೊರೆದರೆ, ಮೊದಲ ನೂರು ಮಂದಿಯಲ್ಲಿ ವರ್ಷಾಂತ್ಯಕ್ಕೆ ಉಳಿಯುವವರು ಸುಮಾರು 54. ಈ ಸೋರಿಕೆಯನ್ನು ಹೊಸ ಗ್ರಾಹಕರಿಂದ ತುಂಬಲು ಜಾಹೀರಾತಿಗೆ ಸುರಿಯುವ ಶಕ್ತಿ ದೊಡ್ಡ ಸಂಸ್ಥೆಗಳಿಗುಂಟು, ನೆರೆಯ ಅಂಗಡಿಗಿಲ್ಲ. ಆದರೆ ಯಾವ ಮನೆಗೆ ಚಿಕೋರಿ ಎಷ್ಟು ಬೆರೆಸಬೇಕು, ಯಾರು ಬೇಸಿಗೆ ರಜೆಯಲ್ಲಿ ಊರಿಗೆ ಹೋಗುತ್ತಾರೆ ಎಂಬುದು ಆ ಅಂಗಡಿಗೆ ತಿಳಿದಿದೆ. ಊರಿಗೆ ಹೋದ ವಾರಗಳ ಪುಡಿಯನ್ನು ಮುಂದಕ್ಕೆ ಹಾಕಿಕೊಡುವುದು, ದೂರವಾಣಿಗೆ ಮನುಷ್ಯನೇ ಉತ್ತರಿಸುವುದು, ನಿಲ್ಲಿಸಿದವನಿಗೆ ಬಾಕಿ ಹಣವನ್ನು ಕೇಳುವ ಮೊದಲೇ ಹಿಂದಿರುಗಿಸಿ ಕಾರಣವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು, ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ. ಆ ಬಾಕಿ ಹಣ ಕೊಡಲು ಸಾಧ್ಯವಾಗಬೇಕಾದರೆ ಮುಂಗಡದ ಮೊತ್ತವು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿದ್ದು, ಪ್ರತಿ ತಿಂಗಳು ಪೂರೈಸಿದಷ್ಟನ್ನು ಮಾತ್ರ ವ್ಯಾಪಾರದ ಖಾತೆಗೆ ವರ್ಗಾಯಿಸುವ ಕ್ರಮವಿರಬೇಕು.