ಹಳೆಯ ಕುರ್ಚಿ, ಹೊಸ ಮ್ಯಾನೇಜರ್

ಮಕ್ಕಳೇ, ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳಲ್ಲಿ ಕೋಚ್ ಆದವರನ್ನು ‘ಮ್ಯಾನೇಜರ್’ ಎಂದು ಕರೆಯುವ ರೂಢಿ ಇದೆ. ಈ ಸಂಗತಿ ತಿಳಿದ ದಿನ ನನಗೆ ಆ ಆಟದ ಮೇಲೆ ಪ್ರೀತಿ ಒಂದು ಹಿಡಿ ಹೆಚ್ಚೇ ಆಯಿತು. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯದ ಅರ್ಧ ಕಳೆದವನಿಗೆ ಮ್ಯಾನೇಜರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೊಸ ಮ್ಯಾನೇಜರ್ ಬಂದ ಮೊದಲ ತಿಂಗಳು ಇಡೀ ಶಾಖೆಯಲ್ಲಿ ಒಂದೇ ಮಾತು ಓಡಾಡುತ್ತದೆ: “ಹಿಂದಿನ ಸಾಹೇಬರು ಹೀಗೆ ಮಾಡುತ್ತಿರಲಿಲ್ಲ.” ಹಿಂದಿನ ಸಾಹೇಬರು ಇದ್ದಾಗ ಅವರನ್ನು ಬೈಯುತ್ತಿದ್ದವರ ಬಾಯಲ್ಲೇ ಈ ಮಾತು ಬರುವುದು ತಮಾಷೆ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಿಗುವ ಹುಡುಗರು ಈಗೀಗ ನನ್ನ ಹತ್ತಿರ ಒಂದೇ ದೂರು ತರುತ್ತಾರೆ. “ತಾತ, ನಮ್ಮ ಟೀಮ್ ಸೋಲ್ತಾನೇ ಇದೆ. ಹೊಸ ಕೋಚ್ ಬಂದ ಮೇಲೆ ಎಲ್ಲ ಹಾಳಾಯ್ತು.” ಅವರಿಗೆಲ್ಲ ನಾನು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ 2013-14ರ ವರ್ಷದ ಕಥೆ ಹೇಳುತ್ತೇನೆ. ಆ ವರ್ಷ ನನ್ನ ಮೊಮ್ಮಗ ಆರನೇ ತರಗತಿಯಲ್ಲಿದ್ದ. ಆ ತಂಡದ ಕೆಂಪು ಅಂಗಿಯನ್ನು ತೊಳೆಯಲೂ ಕೊಡದಷ್ಟು ಅಭಿಮಾನ ಅವನಿಗೆ. ಶನಿವಾರ ಸಂಜೆ ಏಳೂವರೆಗೋ ಎಂಟೂವರೆಗೋ ಟೀವಿಯ ಮುಂದೆ ಅವನು ಕುಳಿತರೆ, ಪಕ್ಕದಲ್ಲಿ ನಾನೂ ಕೂರಲೇಬೇಕು.

ಮೊದಲು ಹಿನ್ನೆಲೆ ಕೇಳಿ. ಸರ್ ಅಲೆಕ್ಸ್ ಫರ್ಗುಸನ್ ಎಂಬವರು 1986ರ ನವೆಂಬರಿನಿಂದ 2013ರ ಮೇ ತನಕ, ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಕಾಲ, ಆ ತಂಡದ ಮ್ಯಾನೇಜರ್ ಆಗಿದ್ದರು. ಗೆದ್ದ ಪ್ರಶಸ್ತಿಗಳು 38. ಅದರಲ್ಲಿ ಇಂಗ್ಲಿಷ್ ಲೀಗ್ ಪ್ರಶಸ್ತಿಗಳೇ 13. ಹೋಗುವ ವರ್ಷವೂ ಎರಡನೇ ಸ್ಥಾನದ ತಂಡಕ್ಕಿಂತ 11 ಅಂಕ ಮುಂದಿದ್ದು ಲೀಗ್ ಗೆದ್ದುಕೊಟ್ಟೇ ಹೋದರು. ತವರು ಮೈದಾನವಾದ ಓಲ್ಡ್ ಟ್ರಾಫರ್ಡಿನಲ್ಲಿ ವಿದಾಯ ಹೇಳುವಾಗ ಅವರು ಅಭಿಮಾನಿಗಳಿಗೆ ಒಂದು ಕೋರಿಕೆ ಇಟ್ಟರು: ನನಗೆ ಕಷ್ಟ ಬಂದಾಗ ನೀವೆಲ್ಲ ನನ್ನ ಜೊತೆ ನಿಂತಿರಿ, ಇನ್ನು ಹೊಸ ಮ್ಯಾನೇಜರ್ ಜೊತೆಗೂ ಹಾಗೆಯೇ ನಿಲ್ಲಿ ಎಂಬುದು ಅದರ ತಾತ್ಪರ್ಯ.

ಹೊಸಬರ ಹೆಸರು ಡೇವಿಡ್ ಮಾಯ್ಸ್. ಫರ್ಗುಸನ್ ಅವರಂತೆಯೇ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನವರು. ಎವರ್ಟನ್ ಎಂಬ ತಂಡವನ್ನು ಹನ್ನೊಂದು ವರ್ಷ ನಡೆಸಿದ್ದ ಅನುಭವಿ. ಅವರಿಗೆ ಆರು ವರ್ಷದ ಒಪ್ಪಂದ ಸಿಕ್ಕಿತು. ಅಭಿಮಾನಿಗಳು ಮೈದಾನದಲ್ಲಿ ‘ಆಯ್ಕೆಯಾದವನು ಇವನೇ’ ಎಂಬ ಅರ್ಥದ ದೊಡ್ಡ ಬ್ಯಾನರ್ ಕಟ್ಟಿದರು. ಆಗಸ್ಟಿನಲ್ಲಿ ಮೊದಲ ಲೀಗ್ ಪಂದ್ಯದಲ್ಲೇ ಸ್ವಾನ್‌ಸಿ ತಂಡವನ್ನು 4-1ರಿಂದ ಸೋಲಿಸಿದಾಗ ನಮ್ಮ ಮನೆಯ ಸೋಫಾದ ಸ್ಪ್ರಿಂಗು ಒಂದು ಮುರಿಯಿತು.

ಆಮೇಲೆ ಶುರುವಾಯಿತು ಇಳಿಜಾರು.

ಮೊಮ್ಮಗನಿಗೆ ನಾನು ಗೆರೆ ಹಾಕಿದ ಒಂದು ಹಳೆಯ ಲೆಕ್ಕದ ಪುಸ್ತಕ ಕೊಟ್ಟಿದ್ದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಗೆದ್ದರೆ ಎಡಕ್ಕೆ, ಸೋತರೆ ಬಲಕ್ಕೆ ಬರೆಯಬೇಕು. ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು. ಡಿಸೆಂಬರ್ ಮೊದಲ ವಾರ ಒಂದರಲ್ಲೇ ಖರ್ಚಿನ ಬದಿಗೆ ಎರಡು ಬರಹ ಬಿದ್ದವು. ತವರು ಮೈದಾನದಲ್ಲೇ ಎವರ್ಟನ್ ಎದುರು 0-1, ಮೂರು ದಿನ ಬಿಟ್ಟು ನ್ಯೂಕಾಸಲ್ ಎದುರು 0-1. ನ್ಯೂಕಾಸಲ್ ತಂಡ ಆ ಮೈದಾನದಲ್ಲಿ ಗೆದ್ದದ್ದು 1972ರ ನಂತರ ಅದೇ ಮೊದಲು. ಫೆಬ್ರವರಿಯಲ್ಲಿ ಪಟ್ಟಿಯ ಕಟ್ಟಕಡೆಯಲ್ಲಿದ್ದ ಫುಲ್‌ಹ್ಯಾಮ್ ಎದುರು ಮೈದಾನದ ಅಂಚುಗಳಿಂದ ಗೋಲಿನ ಕಡೆಗೆ ಎಂಬತ್ತಕ್ಕೂ ಹೆಚ್ಚು ಬಾರಿ ಚೆಂಡನ್ನು ಹಾರಿಸಿದರು. ಪಂದ್ಯ ಮುಗಿಯುವ ಕ್ಷಣದಲ್ಲಿ ಎದುರಾಳಿ ಗೋಲು ಹೊಡೆದು 2-2 ಮಾಡಿಬಿಟ್ಟಿತು. ಮಾರ್ಚಿನಲ್ಲಿ ಬದ್ಧ ವೈರಿ ಲಿವರ್‌ಪೂಲ್ 0-3ರಿಂದಲೂ, ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ 0-3ರಿಂದಲೂ ಮನೆಗೇ ಬಂದು ಸೋಲಿಸಿ ಹೋದವು.

ಆ ರಾತ್ರಿಗಳಲ್ಲಿ ಹುಡುಗ ಊಟ ಬಿಟ್ಟ. ಶಾಲೆಯಲ್ಲಿ ಬೇರೆ ತಂಡಗಳ ಅಭಿಮಾನಿ ಮಕ್ಕಳು ಅವನನ್ನು ರೇಗಿಸುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಕಾರಣದ ಜಾಗದಲ್ಲಿ ಪ್ರತಿ ಬಾರಿಯೂ ‘ಮಾಯ್ಸ್’ ಎಂಬ ಒಂದೇ ಪದ. ಅದನ್ನು ನೋಡಿ ನಾನು ಹೇಳಿದೆ, “ಅಪ್ಪಾ, ಬ್ಯಾಂಕಿನಲ್ಲಿ ಪ್ರತಿ ಖರ್ಚಿಗೂ ಒಂದೇ ಹೆಸರು ಬರೆದರೆ ಆಡಿಟರ್ ಒಪ್ಪುವುದಿಲ್ಲ. ಕಾರಣಗಳನ್ನು ಬಿಡಿಸಿ ಬರೆ.”

ಬಿಡಿಸಿ ನೋಡೋಣ. ತಂಡದ ರಕ್ಷಣಾ ಗೋಡೆಯಂತಿದ್ದ ಫರ್ಡಿನಾಂಡ್, ವಿಡಿಚ್, ಎವ್ರಾ ಮೂವರಿಗೂ ಮೂವತ್ತು ದಾಟಿತ್ತು. ರಯಾನ್ ಗಿಗ್ಸ್ ಆ ನವೆಂಬರಿನಲ್ಲಿ ನಲವತ್ತಕ್ಕೆ ಬಂದರು. ಮಧ್ಯಭಾಗದ ಜೀವಾಳವಾಗಿದ್ದ ಪಾಲ್ ಸ್ಕೋಲ್ಸ್ ಫರ್ಗುಸನ್ ಜೊತೆಗೇ ನಿವೃತ್ತರಾದರು. ಆಟಗಾರರನ್ನು ಕೊಳ್ಳುವ ವ್ಯವಹಾರ ನೋಡುತ್ತಿದ್ದ ಡೇವಿಡ್ ಗಿಲ್ ಕೂಡ ಅದೇ ಬೇಸಿಗೆಯಲ್ಲಿ ಮುಖ್ಯ ಅಧಿಕಾರಿ ಹುದ್ದೆ ಬಿಟ್ಟಿದ್ದರು. ಇವು ಮಾಯ್ಸ್ ಖಾತೆಗೆ ಸೇರದ ಖರ್ಚುಗಳು. ಹಿಂದಿನವರು ಬಿಟ್ಟುಹೋದ ಬಾಕಿ ಎನ್ನಬಹುದು.

ಅವರ ಖಾತೆಗೇ ಸೇರುವ ಖರ್ಚುಗಳೂ ಇದ್ದವು, ಅದನ್ನೂ ಮುಚ್ಚಿಡಬಾರದು. ಹಳೆಯ ಸಹಾಯಕ ಕೋಚ್‌ಗಳು ಹೊರಟುಹೋದರು. ಅವರ ಜಾಗಕ್ಕೆ ಎವರ್ಟನ್‌ನಲ್ಲಿ ತಮ್ಮ ಜೊತೆಗಿದ್ದವರನ್ನು ಮಾಯ್ಸ್ ಕರೆತಂದರು. ಆ ಶಾಖೆಯಲ್ಲಿ ಯಾವ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಗೊತ್ತಿದ್ದವರೆಲ್ಲ ಒಟ್ಟಿಗೆ ಹೋದಂತಾಯಿತು. ಆಟವೂ ಒಂದೇ ದಾರಿ ಹಿಡಿಯಿತು. ಅಂಚಿನಿಂದ ಚೆಂಡು ಹಾರಿಸುವುದು, ಮತ್ತೆ ಹಾರಿಸುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಹಳೆಯ ಆಟಗಾರರ ಅಭ್ಯಾಸ ಒಂದು ಕಡೆ, ಹೊಸ ಗುರುವಿನ ಪಾಠ ಇನ್ನೊಂದು ಕಡೆ.

ಹೀಗೆ ಎರಡು ಪಟ್ಟಿ ಮಾಡಿದ ಮೇಲೆ ಹುಡುಗನ ಸಿಟ್ಟು ಹೋಯಿತೇ? ಇಲ್ಲ. ಆದರೆ ಸಿಟ್ಟಿಗೆ ಒಂದು ಆಕಾರ ಬಂತು. “ಅವನು ದಂಡ” ಎನ್ನುತ್ತಿದ್ದವನು “ಅವರು ಯಾಕೆ ಮಧ್ಯದಿಂದ ಆಡಿಸುವುದಿಲ್ಲ?” ಎಂದು ಕೇಳತೊಡಗಿದ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದರ ಮೇಲೆ ಅಜ್ಜ ಮೊಮ್ಮಗ ಇಬ್ಬರೂ ಒಂದು ಗಂಟೆ ವಾದ ಮಾಡಬಹುದು.

ಅಭಿಮಾನಿಗೆ ಬೈಯುವ ಹಕ್ಕಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಟಿಕೆಟ್ಟಿಗೆ ದುಡ್ಡು ಕೊಟ್ಟವರು, ನಿದ್ದೆಗೆಟ್ಟವರು, ಕಣ್ಣೀರು ಹಾಕಿದವರು ಅವರು. ಆದರೆ ಬೈಗುಳಕ್ಕೂ ಒಂದು ಅಳತೆ ಇದೆ ಎಂದು ತೋರಿಸಿದವರು ಅದೇ ಅಭಿಮಾನಿಗಳು. ಮಾರ್ಚ್ 29ರಂದು ಆಸ್ಟನ್ ವಿಲ್ಲಾ ಎದುರಿನ ಪಂದ್ಯದ ದಿನ, ಸಿಟ್ಟಿಗೆದ್ದ ಕೆಲವರು ಹಣ ಕೂಡಿಸಿ ಒಂದು ಪುಟ್ಟ ವಿಮಾನ ಬಾಡಿಗೆಗೆ ತೆಗೆದುಕೊಂಡರು. ‘ಆರಿಸಿದ್ದು ತಪ್ಪು, ಮಾಯ್ಸ್ ತೊಲಗಲಿ’ ಎಂಬ ಅರ್ಥದ ಬ್ಯಾನರನ್ನು ಅದು ಮೈದಾನದ ಮೇಲೆ ಎಳೆದುಕೊಂಡು ಹಾರಿತು. ಕೆಳಗೆ ಕುಳಿತಿದ್ದ ಜನ ಏನು ಮಾಡಿದರು ಗೊತ್ತೇ? ಬಹಳ ಮಂದಿ ಆ ವಿಮಾನಕ್ಕೇ ಛೀಮಾರಿ ಹಾಕಿದರು. ಸಿಟ್ಟು ಅವರಿಗೂ ಇತ್ತು. ಆದರೂ ಮನೆಯ ಜಗಳವನ್ನು ಆಕಾಶಕ್ಕೆ ಏರಿಸುವುದು ಬೇಡ ಅನ್ನಿಸಿತು. ಆ ದಿನ ತಂಡ 4-1ರಿಂದ ಗೆದ್ದಿತು.

ಆದರೂ ಕಥೆ ಸುಖವಾಗಿ ಮುಗಿಯಲಿಲ್ಲ. ಏಪ್ರಿಲ್ 20ರಂದು ತಮ್ಮದೇ ಹಳೆಯ ತಂಡ ಎವರ್ಟನ್ ಎದುರು 0-2ರ ಸೋಲು. ಎರಡು ದಿನ ಕಳೆದು, 22ರಂದು, ಮಾಯ್ಸ್ ಅವರನ್ನು ಕೆಲಸದಿಂದ ತೆಗೆದರು. ಆರು ವರ್ಷದ ಒಪ್ಪಂದ ಹತ್ತು ತಿಂಗಳಿಗೂ ಮೊದಲೇ ಮುಗಿಯಿತು.

ಮಕ್ಕಳೇ, ಇಲ್ಲಿ ಒಂದು ಸಣ್ಣ ಲೆಕ್ಕ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಫರ್ಗುಸನ್ ಅವರ ಕೊನೆಯ ವರ್ಷ ತಂಡ 38 ಪಂದ್ಯಗಳಲ್ಲಿ 28 ಗೆದ್ದು 5 ಡ್ರಾ ಮಾಡಿಕೊಂಡಿತು. ಮರುವರ್ಷ 19 ಗೆದ್ದು 7 ಡ್ರಾ. ಎಷ್ಟು ಅಂಕ ಕಡಿಮೆಯಾಯಿತು? ಪೆನ್ಸಿಲ್ ಹಿಡಿಯಿರಿ. ಮೊದಲನೆಯದು 89, ಎರಡನೆಯದು 64, ಕೊರತೆ 25. ಮೊದಲ ಸ್ಥಾನದಲ್ಲಿದ್ದ ತಂಡ ಏಳನೆಯದಾಯಿತು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಅಲ್ಲಿಯವರೆಗೆ ಅದು ಮೂರನೇ ಸ್ಥಾನಕ್ಕಿಂತ ಕೆಳಗೆ ಇಳಿದದ್ದೇ ಇರಲಿಲ್ಲ.

ಹಾಗಾದರೆ ಕುರ್ಚಿಯ ಮೇಲಿನವರನ್ನು ಬದಲಿಸಿದ್ದರಿಂದ ರೋಗ ವಾಸಿಯಾಯಿತೇ? ಅಲ್ಲಿಂದೀಚೆಗೆ ಹೆಸರಾಂತ ಮ್ಯಾನೇಜರುಗಳು ಒಬ್ಬರ ಹಿಂದೊಬ್ಬರು ಬಂದರು. ವ್ಯಾನ್ ಗಾಲ್, ಮೊರಿನ್ಯೊ, ಸೋಲ್‌ಶಾರ್, ಟೆನ್ ಹಾಗ್, ಅಮೊರಿಮ್. ಬೇರೆ ಕೆಲವು ಕಪ್‌ಗಳು ಬಂದವು, ಆದರೆ 2024-25ರಲ್ಲಿ ತಂಡ 15ನೇ ಸ್ಥಾನದಲ್ಲಿ ನಿಂತಿತು. ಆ ವರ್ಷದ ಅಂಕ 42. ಏಳನೇ ಸ್ಥಾನಕ್ಕೆ ಊಟ ಬಿಟ್ಟಿದ್ದ ನನ್ನ ಮೊಮ್ಮಗ ಈಗ ಕೆಲಸಕ್ಕೆ ಸೇರಿದ್ದಾನೆ. “ತಾತ, ಆ ಏಳನೇ ಸ್ಥಾನ ಎಷ್ಟು ಚೆನ್ನಾಗಿತ್ತು!” ಎಂದು ಫೋನಿನಲ್ಲಿ ನಗುತ್ತಾನೆ.

ತಾಳ್ಮೆಯ ಕಥೆಯೂ ಇದೇ ತಂಡದಲ್ಲಿದೆ. ಅದೇ ಫರ್ಗುಸನ್ ಬಂದ ಮೊದಲ ವರ್ಷ ತಂಡ 11ನೇ ಸ್ಥಾನದಲ್ಲಿತ್ತು. 1989-90ರಲ್ಲಿ 13ನೇ ಸ್ಥಾನ. ಮೂರು ವರ್ಷದಿಂದ ಬರೀ ನೆಪ ಕೇಳಿ ಸಾಕಾಯಿತು, ಇನ್ನು ಹೊರಡು ಎಂಬ ಅರ್ಥದ ಬ್ಯಾನರನ್ನು ಆಗ ಒಬ್ಬ ಅಭಿಮಾನಿ ಎತ್ತಿ ಹಿಡಿದಿದ್ದ. ಆಡಳಿತದವರು ಅವರನ್ನು ಉಳಿಸಿಕೊಂಡರು. ಆ ವರ್ಷದ ಕೊನೆಯಲ್ಲಿ ಎಫ್‌ಎ ಕಪ್ ಬಂತು. 1993ರಲ್ಲಿ, ಇಪ್ಪತ್ತಾರು ವರ್ಷಗಳ ನಂತರ, ಲೀಗ್ ಪ್ರಶಸ್ತಿ ಬಂತು.

ಆದರೆ ಇದನ್ನು ಕೇಳಿ ‘ಕಾದರೆ ಎಲ್ಲ ಸರಿಹೋಗುತ್ತದೆ’ ಎಂದು ತೀರ್ಮಾನಿಸಬೇಡಿ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2022-23ರಲ್ಲಿ ಸೈಮನ್ ಗ್ರೇಸನ್ ಎಂಬ ಹೊಸ ಕೋಚ್ ಬಂದರು. ಐಎಸ್‌ಎಲ್ ಲೀಗಿನ ಮೊದಲರ್ಧ ಬರೀ ಸೋಲು. ಕಾದರು. ಕೊನೆಯ ಎಂಟು ಲೀಗ್ ಪಂದ್ಯಗಳನ್ನೂ ಸಾಲಾಗಿ ಗೆದ್ದು ತಂಡ ಫೈನಲ್ ತಲುಪಿತು, ಪೆನಾಲ್ಟಿಯಲ್ಲಿ ಸೋತಿತು. ಮರುವರ್ಷ ಮತ್ತೆ ಅದೇ ಸೋಲು. ಈ ಸಲ ಡಿಸೆಂಬರಿನಲ್ಲೇ ಕೋಚ್ ಹೊರನಡೆದರು, ತಂಡ 10ನೇ ಸ್ಥಾನದಲ್ಲಿ ನಿಂತಿತು. ಅದೇ ಮನುಷ್ಯ, ಅದೇ ಕುರ್ಚಿ, ಎರಡು ಫಲ. ತಾಳ್ಮೆ ಎಂಬುದು ಖಾತರಿ ಬಡ್ಡಿ ಕೊಡುವ ಫಿಕ್ಸೆಡ್ ಡೆಪಾಸಿಟ್ ಅಲ್ಲ.

ಈಗ ನನ್ನ ವಯಸ್ಸಿನವರಿಗೆ ಒಂದು ಮಾತು. ಮಾಯ್ಸ್ ಸೋಲುತ್ತಿದ್ದಾಗಲೆಲ್ಲ ಟೀವಿ ಕ್ಯಾಮೆರಾ ಪ್ರೇಕ್ಷಕರ ನಡುವೆ ಕುಳಿತ ಫರ್ಗುಸನ್ ಮುಖದ ಕಡೆ ತಿರುಗುತ್ತಿತ್ತು. ಪಾಪ, ಅವರು ಏನೂ ಮಾಡಲಿಲ್ಲ, ಸುಮ್ಮನೆ ಪಂದ್ಯ ನೋಡಲು ಬಂದಿದ್ದರು. ಆದರೂ ಅಷ್ಟು ಎತ್ತರದ ಮರದ ನೆರಳು ಸಣ್ಣದೇ? ಇದೇ ತಂಡದಲ್ಲಿ ಮ್ಯಾಟ್ ಬಸ್ಬಿ ಎಂಬ ಮಹಾನುಭಾವರು 1945ರಿಂದ 1969ರ ತನಕ ಇದ್ದು ಇಳಿದಾಗಲೂ ಹೀಗೆಯೇ ಆಗಿತ್ತು. ಅವರ ನಂತರ ಬಂದ ಮೂವತ್ತೊಂದರ ತರುಣ ವಿಲ್ಫ್ ಮೆಗಿನ್ನಿಸ್ ಎರಡು ವರ್ಷವೂ ಉಳಿಯಲಿಲ್ಲ. 1968ರಲ್ಲಿ ಯೂರೋಪಿಗೇ ಚಾಂಪಿಯನ್ ಆಗಿದ್ದ ತಂಡ 1974ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು.

ನಮ್ಮ ಮನೆಗಳಲ್ಲೂ ಬೀಗದ ಕೈ ಕೊಟ್ಟ ಮೇಲೆ ನಾವು ಎಲ್ಲಿ ಕೂರುತ್ತೇವೆ? ಸೊಸೆ ಮಾಡಿದ ಸಾರಿಗೆ, ಮಗ ನಡೆಸುವ ಅಂಗಡಿಗೆ, ಹೊಸ ಮೇಷ್ಟ್ರು ಹೇಳಿಕೊಡುವ ಗಣಿತಕ್ಕೆ “ನಮ್ಮ ಕಾಲದಲ್ಲಿ...” ಎಂದು ಶುರು ಮಾಡಿದರೆ ಕ್ಯಾಮೆರಾ ನಮ್ಮ ಮುಖಕ್ಕೆ ತಿರುಗುತ್ತದೆ, ಅಷ್ಟೇ. ಅವರ ಕೈ ನಡುಗುತ್ತದೆ. ಕೇಳಿದರೆ ಹೇಳೋಣ. ಕೇಳದಿದ್ದರೆ ಚಪ್ಪಾಳೆ ತಟ್ಟಲು ಕೈ ಖಾಲಿ ಇರಲಿ.

ಮಾಯ್ಸ್ ಏನಾದರು ಎಂಬ ಕುತೂಹಲ ಮಕ್ಕಳಿಗೆ ಇರಬಹುದು. ಅವರು ಸ್ಪೇನಿಗೆ ಹೋದರು, ವಾಪಸ್ಸು ಬಂದರು, ಇನ್ನೊಂದು ತಂಡದ ಜೊತೆ ಕೆಳದರ್ಜೆಗೆ ಇಳಿದರು. ಆಮೇಲೆ ಲಂಡನ್ನಿನ ವೆಸ್ಟ್ ಹ್ಯಾಮ್ ತಂಡ ಸೇರಿದರು. 2023ರ ಜೂನ್ 7ರಂದು ಪ್ರಾಗ್ ನಗರದಲ್ಲಿ ಯೂರೋಪಾ ಕಾನ್ಫರೆನ್ಸ್ ಲೀಗ್ ಫೈನಲಿನಲ್ಲಿ ಆ ತಂಡ ಇಟಲಿಯ ಫಿಯೊರೆಂಟೀನಾವನ್ನು 2-1ರಿಂದ ಸೋಲಿಸಿತು. ಅರವತ್ತು ವಯಸ್ಸಿನ ಮಾಯ್ಸ್ ಮೈದಾನದ ಅಂಚಿನಲ್ಲಿ ಹುಡುಗನಂತೆ ಓಡಿದರು. ಒಂದು ಶಾಖೆಯಲ್ಲಿ ಲೆಕ್ಕ ತಾಳೆಯಾಗದವರು ಇನ್ನೊಂದು ಶಾಖೆಯಲ್ಲಿ ಒಳ್ಳೆಯ ಮ್ಯಾನೇಜರ್ ಆದದ್ದನ್ನು ನಾನು ಬ್ಯಾಂಕಿನಲ್ಲೂ ಕಂಡಿದ್ದೇನೆ.

ನಿಮ್ಮ ತಂಡ ಈ ವರ್ಷ ಸೋಲುತ್ತಿದ್ದರೆ ಒಂದು ಪುಸ್ತಕ ಇಟ್ಟುಕೊಳ್ಳಿ. ಸೋತದ್ದನ್ನು ಬರೆಯಿರಿ, ಕಾರಣ ಬರೆಯಿರಿ, ಕಾರಣದ ಜಾಗದಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆಯಬೇಡಿ. ಮುಂದಿನ ಪಂದ್ಯದ ದಿನ ಅಂಗಿ ಹಾಕಿಕೊಂಡು ಕುಳಿತುಕೊಳ್ಳಿ. ಊಟ ಮಾಡಿಯೇ ಕುಳಿತುಕೊಳ್ಳಿ.